ನಿಲ್ಲುವ ವಿದ್ಯೆ

ಹಳೆಯ ಮೋಟಾರುಗಳ ಒಡೆಯರಲ್ಲಿ ಒಂದು ವಿಚಿತ್ರವಾದ ಪಕ್ಷಪಾತವುಂಟು. ತಮ್ಮ ಕಾರಿನ ಎಂಜಿನ್ನು ಎಷ್ಟು ಇಂಪಾಗಿ ನುಡಿಯುತ್ತದೆ, ಅದರ ಮೈಬಣ್ಣ ಹೇಗೆ ಕನ್ನಡಿಯನ್ನು ನಾಚಿಸುತ್ತದೆ, ಅರವತ್ತು ದಾಟಿದ ಮುದುಕಿಯಾದರೂ ದಿಣ್ಣೆಯನ್ನು ಹೇಗೆ ಏದುಸಿರಿಲ್ಲದೆ ಏರುತ್ತದೆ ಎಂಬುದನ್ನು ಅವರು ಗಂಟೆಗಟ್ಟಲೆ ವರ್ಣಿಸಬಲ್ಲರು. ಅದು ಹೇಗೆ ನಿಲ್ಲುತ್ತದೆ ಎಂಬುದನ್ನು ಮಾತ್ರ ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಓಡಲಾರದ ಕಾರಿನಿಂದ ಯಾರಿಗೂ ಕೇಡಿಲ್ಲ. ಅದು ಮನೆಯ ಮುಂದೆ ತೆಪ್ಪಗೆ ನಿಂತಿರುತ್ತದೆ. ನಿಲ್ಲಲಾರದ ಕಾರಿನ ಮಾತು ಹಾಗಲ್ಲ. ಅದರ ಮುಂದೆ ಬೀದಿ ದಾಟುವ ಮಗುವಿದೆ, ಒಳಗೆ ನಂಬಿ ಕುಳಿತ ಮನೆಮಂದಿಯಿದ್ದಾರೆ.

ಆದುದರಿಂದ ಈ ವಾರ ನಿಲ್ಲುವ ವಿದ್ಯೆಯನ್ನು ಕುರಿತೇ ನಾಲ್ಕು ಮಾತು. ನಿದರ್ಶನಕ್ಕೆ ನಮ್ಮಲ್ಲಿ ಅನೇಕರಿಗೆ ಪರಿಚಿತವಾದ ಒಂದು ಮುದ್ದು ಬಂಡಿಯನ್ನೇ ತೆಗೆದುಕೊಳ್ಳೋಣ. ಅದರ ಹೆಸರು ಮಾರಿಸ್ ಮೈನರ್.

1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದಲ್ಲಿ ಈ ಕಾರು ಮೊದಲು ಜನರ ಕಣ್ಣಿಗೆ ಬಿತ್ತು. ಅದನ್ನು ರೂಪಿಸಿದವನು ಅಲೆಕ್ ಇಸಿಗೋನಿಸ್; ಮುಂದೆ 1959ರಲ್ಲಿ ಮಿನಿ ಎಂಬ ಪುಟ್ಟ ಕಾರನ್ನು ಲೋಕಕ್ಕೆ ಕೊಟ್ಟವನೂ ಅವನೇ. ಕಂಪನಿಯ ಒಡೆಯನಾದ ಲಾರ್ಡ್ ನಫೀಲ್ಡನಿಗೆ ಅದರ ದುಂಡು ಮೈ ಹಿಡಿಸಲಿಲ್ಲ. ಬೇಯಿಸಿದ ಮೊಟ್ಟೆಗೆ ಅದನ್ನು ಹೋಲಿಸಿ ಹಳಿದನಂತೆ. ತಯಾರಿ ಮುಗಿಯುತ್ತ ಬಂದ ಕಾಲದಲ್ಲಿ ಇಸಿಗೋನಿಸನಿಗೆ ಅದು ತೀರ ಕಿರಿದೆನ್ನಿಸಿತು. ಮಾದರಿಯ ಕಾರನ್ನು ಉದ್ದಕ್ಕೆ ನಡುವೆ ಸೀಳಿಸಿ, ಎರಡು ಹೋಳುಗಳನ್ನು ದೂರ ಸರಿಸಿ ನೋಡಿದ. 4 ಅಂಗುಲ ಅಗಲವಾದಾಗ ಕಣ್ಣಿಗೆ ಹಿತವಾಯಿತು. ಹಾಗೆಯೇ ಬೆಸೆದರು. ಮೈನರ್ ಕಾರಿನ ಬಾನೆಟ್ಟಿನ ನಡುವೆ ಕಾಣುವ ಚಪ್ಪಟೆ ಪಟ್ಟಿ ಆ ನಿರ್ಧಾರದ ಗುರುತು. 1960ರ ಡಿಸೆಂಬರಿನಲ್ಲಿ ಹತ್ತು ಲಕ್ಷದ ಮೈನರ್ ಸಿದ್ಧವಾಯಿತು. ಆ ಸಂಖ್ಯೆಯನ್ನು ಮುಟ್ಟಿದ ಮೊದಲ ಬ್ರಿಟಿಷ್ ಕಾರು ಅದೇ. ನಮ್ಮ ದೇಶದಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯವರು ಇದನ್ನು ‘ಬೇಬಿ ಹಿಂದೂಸ್ಥಾನ್’ ಎಂಬ ಹೆಸರಿನಿಂದ ಹೊರತಂದರು. 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ ಕೂಡ ಇದೇ ಮನೆತನದ ಮಾರಿಸ್ ಆಕ್ಸ್‌ಫರ್ಡಿನ ಸಂತಾನ. ಹೀಗಾಗಿ ಈ ಕಾರಿನ ಕಷ್ಟಸುಖ ನಮಗೆ ತೀರ ಪರಕೀಯವೇನೂ ಅಲ್ಲ.

ಈ ಕಾರಿನ ನಾಲ್ಕು ಗಾಲಿಗಳಲ್ಲೂ ಇರುವುದು ಡ್ರಮ್ ಬ್ರೇಕು. ಗಾಲಿಯ ಹಿಂದೆ, ಅಡಿಗೆಮನೆಯ ಬೋಗುಣಿಯನ್ನು ಹೋಲುವ ಎರಕದ ಕಬ್ಬಿಣದ ಪಾತ್ರೆಯೊಂದು ಬಾಯಿಯನ್ನು ಒಳಮುಖಮಾಡಿ ಗಾಲಿಯೊಡನೆಯೇ ತಿರುಗುತ್ತದೆ. ಅದೇ ಡ್ರಮ್ಮು. ಅದರ ಹೊಟ್ಟೆಯೊಳಗೆ, ತಿರುಗದೆ ನಿಂತ ತಟ್ಟೆಯೊಂದರ ಮೇಲೆ, ಬಾಲಚಂದ್ರನ ಆಕಾರದ ಎರಡು ತುಂಡುಗಳು ಎದುರುಬದುರಾಗಿ ಕುಳಿತಿವೆ. ಇವಕ್ಕೆ ಷೂ ಎಂದು ಹೆಸರು. ಪಾದರಕ್ಷೆಗೆ ಅಟ್ಟೆ ಹೊಲಿದಂತೆ ಇವುಗಳ ಹೊರಮೈಗೆ ಒರಟಾದ ಲೈನಿಂಗನ್ನು ಹೊದಿಸಿರುತ್ತಾರೆ. ನಾವು ಪೆಡಲನ್ನು ಒತ್ತಿದಾಗ ಈ ಷೂಗಳು ಅಗಲಿ ಡ್ರಮ್ಮಿನ ಒಳಗೋಡೆಯನ್ನು ಉಜ್ಜುತ್ತವೆ. ಕಾಲು ತೆಗೆದೊಡನೆ ಸ್ಪ್ರಿಂಗುಗಳು ಅವನ್ನು ಹಿಂದಕ್ಕೆ ಸೆಳೆಯುತ್ತವೆ. ವಿದ್ಯೆಯೆಲ್ಲ ಇಷ್ಟೇ.

ನಮ್ಮ ಕಾಲಿನ ಬಲವನ್ನು ಗಾಲಿಗೆ ಮುಟ್ಟಿಸುವ ದೂತ ಒಂದು ದ್ರವ. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಪಂಡಿತ ತೋರಿಸಿಕೊಟ್ಟಿದ್ದ. ಅದನ್ನು ಕಾರಿನ ಬ್ರೇಕಿಗೆ ಅಳವಡಿಸಿ 1917ರಲ್ಲಿ ಪೇಟೆಂಟು ಪಡೆದವನು ಅಮೆರಿಕದ ಮಾಲ್ಕಂ ಲಾಕ್‌ಹೀಡ್. ಅವನ ಮನೆತನದ ಹೆಸರಿನ ಅಕ್ಷರಗಳೇ ಬೇರೆ; ಕಂಡವರೆಲ್ಲ ತಪ್ಪಾಗಿ ಓದುತ್ತಿದ್ದುದರಿಂದ ಉಚ್ಚಾರಕ್ಕೆ ತಕ್ಕಂತೆ ಕಾಗುಣಿತವನ್ನೇ ಬದಲಿಸಿಕೊಂಡ. ಮೈನರ್ ಕಾರಿನ ಬ್ರೇಕುಗಳು ಲಾಕ್‌ಹೀಡ್ ಪದ್ಧತಿಯವು. ದ್ರವವನ್ನು ಒತ್ತುವ ಮುಖ್ಯ ಸಿಲಿಂಡರು ಚಾಲಕನ ಕಾಲ ಕೆಳಗೆ, ನೆಲದ ಅಡಿಯಲ್ಲಿ ಅಡಗಿದೆ. ಅದರ ದ್ರವವನ್ನು ನೋಡಬೇಕಾದರೆ ಕಾಲ ಕೆಳಗಿನ ಜಮಖಾನೆಯನ್ನು ಎತ್ತಿ ಮುಚ್ಚಳ ತೆಗೆಯಬೇಕು. ಕಣ್ಣಿಗೆ ಬೀಳದ್ದು ಮನಸ್ಸಿಗೂ ಬೀಳುವುದಿಲ್ಲವಾಗಿ, ಈ ಮುಚ್ಚಳ ವರ್ಷಾನುಗಟ್ಟಲೆ ತೆರೆಯದೆ ಉಳಿಯುವುದುಂಟು.

ಷೂಗಳಲ್ಲಿ ಇನ್ನೊಂದು ಸೋಜಿಗವಿದೆ. ಡ್ರಮ್ಮು ತಿರುಗುವ ದಿಕ್ಕಿಗೆ ಎದುರಾಗಿ ಅಂಚನ್ನು ಒಡ್ಡಿದ ಷೂವನ್ನು ಡ್ರಮ್ಮು ತಾನೇ ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ನಾವು ಒತ್ತಿದ್ದಕ್ಕಿಂತ ಹೆಚ್ಚು ಬಲದಿಂದ ಅದು ಅಂಟುತ್ತದೆ. ಇಂಥದನ್ನು ಮುಂದಾಳು ಷೂ ಎನ್ನೋಣ. ವಿರುದ್ಧ ದಿಕ್ಕಿನದನ್ನು ಡ್ರಮ್ಮು ದೂರ ತಳ್ಳುತ್ತದೆ, ಅದು ಹಿಂಬಾಲಕ. ಬ್ರೇಕು ಹಾಕಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ, ಮೈನರ್ ಕಾರಿನ ಮುಂದಿನ ಗಾಲಿಗಳಲ್ಲಿ ಎರಡು ಷೂಗಳೂ ಮುಂದಾಳುಗಳೇ. ಹಿಂದಿನ ಗಾಲಿಗಳಲ್ಲಿ ಒಂದು ಮುಂದಾಳು, ಒಂದು ಹಿಂಬಾಲಕ. ಇದರಿಂದ ಒಂದು ಎಚ್ಚರಿಕೆಯೂ ಹುಟ್ಟುತ್ತದೆ. ದಿಣ್ಣೆ ಏರುವಾಗ ಎಂಜಿನ್ನು ನಿಂತು ಕಾರು ಹಿಂದಕ್ಕೆ ಜಾರತೊಡಗಿದರೆ ಮುಂದಿನ ಮುಂದಾಳುಗಳೆಲ್ಲ ಹಿಂಬಾಲಕರಾಗಿಬಿಡುತ್ತಾರೆ. ಬ್ರೇಕಿನ ಶಕ್ತಿ ಕುಂದುತ್ತದೆ. ಆಗ ನೆರವಿಗೆ ಬರತಕ್ಕದ್ದು ಹಿಂಗಾಲಿಗಳನ್ನು ಹಿಡಿಯುವ ಕೈಬ್ರೇಕು. ಅದನ್ನು ಕೇವಲ ಕಾರು ನಿಲ್ಲಿಸಿ ಹೋಗುವಾಗಿನ ಸಾಧನವೆಂದು ತಿಳಿದವರು ಈ ಮಾತನ್ನು ನೆನಪಿಡಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಲೈನಿಂಗು ಪ್ರತಿಸಲ ಉಜ್ಜಿದಾಗಲೂ ಕೂದಲೆಳೆಗಿಂತ ಕಡಮೆ ಸವೆಯುತ್ತದೆ. ಸವೆದಂತೆಲ್ಲ ಷೂವಿಗೂ ಡ್ರಮ್ಮಿಗೂ ನಡುವಿನ ಅಂತರ ಹೆಚ್ಚುತ್ತದೆ. ಅಂತರ ಹೆಚ್ಚಿದಷ್ಟೂ ಪೆಡಲು ಕೆಳಕ್ಕೆ ಹೋಗಬೇಕಾಗುತ್ತದೆ. ಇದು ಒಂದೇ ದಿನ ಆಗುವುದಲ್ಲ. ಮನೆಯಲ್ಲಿ ಬೆಳೆಯುವ ಮಗು ಮನೆಯವರ ಕಣ್ಣಿಗೆ ಬೆಳೆದಂತೆ ಕಾಣುವುದಿಲ್ಲವಲ್ಲ, ಹಾಗೆ. ಕಾಲು ದಿನದಿನವೂ ಹೊಸ ಆಳಕ್ಕೆ ಒಗ್ಗಿಕೊಳ್ಳುತ್ತದೆ. ಅಪಾಯ ಇರುವುದೇ ಈ ಒಗ್ಗುವಿಕೆಯಲ್ಲಿ. ಒಂದು ದಿನ ಅಡ್ಡಬಂದ ಹಸುವಿಗಾಗಿ ಜೋರಾಗಿ ಒತ್ತಿದಾಗ ಪೆಡಲು ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ.

ಪೆಡಲಿಗೆ ತನ್ನದೇ ಆದ ಭಾಷೆಯುಂಟು. ಒಮ್ಮೆ ಒತ್ತಿದಾಗ ಆಳಕ್ಕೆ ಹೋಗಿ, ಕೂಡಲೆ ಮತ್ತೊಮ್ಮೆ ಒತ್ತಿದಾಗ ಮೇಲೆಯೇ ನಿಂತರೆ, ಸಾಮಾನ್ಯವಾಗಿ ಷೂಗಳು ದೂರವಾಗಿವೆ, ಹತ್ತಿರ ತರಬೇಕೆಂದು ಅರ್ಥ. ಕಾಲಿಗೆ ಹತ್ತಿಯ ದಿಂಬಿನಂತೆ ಮೆತ್ತಗೆನ್ನಿಸಿದರೆ ದ್ರವದಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಿರುವಂತೆಯೇ ಮೆಲ್ಲಗೆ ಕೆಳಗಿಳಿದರೆ ಎಲ್ಲಿಯೋ ಸೋರುತ್ತಿದೆ, ಅಥವಾ ಮುಖ್ಯ ಸಿಲಿಂಡರಿನ ರಬ್ಬರು ಸವೆದಿದೆ. ಕಾಲಿನ ಕೆಳಗೆ ನಾಡಿಯಂತೆ ಮಿಡಿದರೆ ಡ್ರಮ್ಮು ತನ್ನ ದುಂಡನ್ನು ಕಳೆದುಕೊಂಡಿದೆ. ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಹೊಂದಾಣಿಕೆ ಮದ್ದು. ಉಳಿದವಕ್ಕೆ ಷೂಗಳನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ರೋಗವನ್ನು ಮರೆಮಾಡಿದಂತಾಗುತ್ತದೆ, ಅಷ್ಟೆ.

ಹೊಂದಾಣಿಕೆಯ ಕ್ರಮ ಹೀಗೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಎತ್ತದಿರುವ ಗಾಲಿಗಳಿಗೆ ಕಲ್ಲೋ ಮರದ ತುಂಡೋ ಒತ್ತುಕೊಟ್ಟು, ಬೇಕಾದ ಗಾಲಿಯನ್ನು ಜಾಕಿಯಿಂದ ನೆಲಬಿಟ್ಟು ಎತ್ತಬೇಕು. ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ನುಸುಳಬಾರದು. ಭದ್ರವಾದ ಆಧಾರ ಕೊಡದೆ ಯಾವ ಕೆಲಸವೂ ಸಲ್ಲದು. ಹಿಂದಿನ ಗಾಲಿಯಾದರೆ ಕೈಬ್ರೇಕನ್ನು ಪೂರ್ತಿ ಸಡಿಲಿಸಿರಬೇಕು. ಹಬ್ಬಿನ ಮುಚ್ಚಳ ತೆಗೆದು, ಬೇಕಾದರೆ ಗಾಲಿಯನ್ನೇ ಕಳಚಿ, ಡ್ರಮ್ಮಿನ ಮುಖದಲ್ಲಿರುವ ಸಣ್ಣ ರಂಧ್ರವನ್ನು ಹುಡುಕಬೇಕು. ಡ್ರಮ್ಮನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ರಂಧ್ರದ ಹಿಂದೆ ಒಂದು ತಿರುಪಿನ ತಲೆ ಕಾಣಿಸಿಕೊಳ್ಳುತ್ತದೆ. ಮುಂದಿನ ಗಾಲಿಗೆ ಷೂವಿಗೊಂದರಂತೆ ಎರಡು ತಿರುಪುಗಳು, ಹಿಂದಿನದಕ್ಕೆ ಒಂದೇ.

ಅಲ್ಲಿಗೆ ತಿರುಪುಳಿಯನ್ನು ಇಟ್ಟು, ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ತಿರುಗಿಸಬೇಕು. ಪ್ರತಿ ಹಲ್ಲು ದಾಟುವಾಗಲೂ ಕೈಗೆ ‘ಟಕ್’ ಎಂದು ತಿಳಿಯುತ್ತದೆ. ತಿರುಗಿಸುತ್ತ ತಿರುಗಿಸುತ್ತ ಷೂ ಡ್ರಮ್ಮನ್ನು ಮುಟ್ಟಿ, ಡ್ರಮ್ಮು ಅಲುಗದಂತೆ ಬಿಗಿಯುತ್ತದೆ. ಅಲ್ಲಿಗೆ ನಿಲ್ಲಿಸಿ, ತಿರುಪನ್ನು ಒಂದು ಹಲ್ಲು ಹಿಂದಕ್ಕೆ ತಿರುಗಿಸಬೇಕು. ಒಂದೇ ಹಲ್ಲು. ಈಗ ಡ್ರಮ್ಮು ಕೈಯಿಂದ ತಳ್ಳಿದರೆ ಸರಾಗವಾಗಿ ಸುತ್ತಬೇಕು; ಅಲ್ಲಲ್ಲಿ ರೇಷ್ಮೆ ಸೋಕಿದಷ್ಟು ಸದ್ದು ಕೇಳಿದರೆ ಚಿಂತೆಯಿಲ್ಲ. ಬಳಿಕ ಪೆಡಲನ್ನು ನಾಲ್ಕಾರು ಸಲ ಬಲವಾಗಿ ಒತ್ತಿದರೆ ಷೂಗಳು ತಮ್ಮ ತಮ್ಮ ಸ್ಥಾನದಲ್ಲಿ ಕೂರುತ್ತವೆ. ಮತ್ತೆ ಒಮ್ಮೆ ಸುತ್ತಿಸಿ ನೋಡಬೇಕು. ನಾಲ್ಕು ಗಾಲಿಗಳೂ ಮುಗಿದ ಮೇಲೆಯೇ ಕೈಬ್ರೇಕಿನ ತಂತಿಯ ಕಡೆಗೆ ಗಮನ. ಮೊದಲೇ ತಂತಿಯನ್ನು ಬಿಗಿದರೆ ಹಿಂದಿನ ಷೂಗಳ ಲೆಕ್ಕವೇ ತಪ್ಪುತ್ತದೆ.

ಮುಟ್ಟುವವರೆಗೆ ತಂದು, ಅನಂತರ ಒಂದು ಹಲ್ಲು ಹಿಂದೆ ಸರಿಯುವ ಈ ಕ್ರಮದಲ್ಲೇ ವಿದ್ಯೆಯ ಗುಟ್ಟು ಇದೆ. ಬಿಗಿಯಾಗಿದ್ದಷ್ಟೂ ಭದ್ರವೆಂದು ನಂಬುವವರು ಹಲವರು. ಆ ಒಂದು ಹಲ್ಲನ್ನು ಬಿಡಲು ಅವರ ಕೈ ಹಿಂಜರಿಯುತ್ತದೆ. ಆದರೆ ಸದಾ ಉಜ್ಜುತ್ತಿರುವ ಷೂ ವೃಥಾ ಬಿಸಿಯಾಗುತ್ತದೆ, ಲೈನಿಂಗಿನ ಮೈ ಸುಟ್ಟು ಗಾಜಿನಂತೆ ನುಣುಪಾಗುತ್ತದೆ, ಪೆಟ್ರೋಲು ವ್ಯರ್ಥವಾಗುತ್ತದೆ, ಕೊನೆಗೆ ನಿಜವಾಗಿ ಬೇಕಾದಾಗ ಹಿಡಿಯುವ ಶಕ್ತಿಯೇ ಉಳಿದಿರುವುದಿಲ್ಲ. ನಮ್ಮ ನುಡಿಯಲ್ಲಿ ‘ಹದ’ ಎಂಬ ಒಂದು ಪುಟ್ಟ ಪದವಿದೆ. ಮಣ್ಣಿಗೆ ಹದ, ಪಾಕಕ್ಕೆ ಹದ, ಬಿಸಿಲಿಗೂ ಹದ. ಒಂದೆಳೆ ಪಾಕ ಎರಡೆಳೆಯಾಗುವ ಹೊತ್ತನ್ನು ಗಡಿಯಾರ ನೋಡದೆ ಬೆರಳ ತುದಿಯಲ್ಲಿ ಅರಿಯುವ ಗೃಹಿಣಿಗೆ ಈ ಒಂದು ಹಲ್ಲಿನ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.

ಒಂದು ಗಾಲಿಯ ಹದ ಸಾಲದು. ನಾಲ್ಕೂ ಒಂದೇ ಶ್ರುತಿಯಲ್ಲಿರಬೇಕು. ಮೃದಂಗದ ವಿದ್ವಾಂಸರು ಕಚೇರಿಗೆ ಮುಂಚೆ ಬಾಯಂಚಿನ ಸುತ್ತ ಒಂದೊಂದೇ ಕಡೆ ತಟ್ಟಿ, ಎಲ್ಲೆಡೆಯೂ ಒಂದೇ ನಾದ ಬರುವವರೆಗೆ ಬಿಡುವುದಿಲ್ಲ. ಬ್ರೇಕಿನ ಡ್ರಮ್ಮಿಗೂ ಅದೇ ನಿಷ್ಠೆ ಬೇಕು. ಎಡಗಾಲಿ ಮೊದಲು ಹಿಡಿದು ಬಲಗಾಲಿ ತಡಮಾಡಿದರೆ ಕಾರು ಎಡಕ್ಕೆ ಎಳೆಯುತ್ತದೆ. ಒಣರಸ್ತೆಯಲ್ಲಿ ಚಕ್ರವನ್ನು ಬಿಗಿಹಿಡಿದು ಸುಧಾರಿಸಬಹುದು. ಮಳೆಯಲ್ಲಿ ತೊಯ್ದ ಟಾರಿನ ಮೇಲೆ ಕಾರು ಬುಗುರಿಯಾಗುತ್ತದೆ. ಹೊಂದಿಸಿದ ಮೇಲೂ ಒಂದೇ ಕಡೆಗೆ ಎಳೆಯುತ್ತಿದ್ದರೆ, ಲೈನಿಂಗಿಗೆ ಗ್ರೀಸೋ ದ್ರವವೋ ಅಂಟಿರಬಹುದೆಂದು ಶಂಕಿಸಿ ಡ್ರಮ್ಮನ್ನು ಬಿಚ್ಚಿಸಿ ನೋಡಿಸತಕ್ಕದ್ದು.

ಇಷ್ಟೆಲ್ಲ ಎಚ್ಚರ ಏತಕ್ಕೆಂಬುದನ್ನು ಒಂದು ಸಣ್ಣ ಲೆಕ್ಕ ತಿಳಿಸುತ್ತದೆ. ಮೈನರ್ ಕಾರಿನ ತೂಕ ಸುಮಾರು ಮುಕ್ಕಾಲು ಟನ್ನು. ನಾಲ್ಕು ಜನ ಕುಳಿತರೆ ಒಟ್ಟು 1000 ಕಿಲೋಗ್ರಾಮೆಂದು ಹಿಡಿಯಿರಿ. ಗಂಟೆಗೆ 60 ಕಿಲೋಮೀಟರು ವೇಗದಿಂದ ಅದನ್ನು ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖ, ಅರ್ಧ ಲೀಟರಿಗೆ ತುಸು ಕಡಮೆ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಸಾಕು, ಮನೆಮಂದಿಯ ಕಾಫಿಗಾಗುವಷ್ಟು. ವೇಗ ಅರ್ಧವಾದರೆ ಈ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. 1962ರಲ್ಲಿ ಮೈನರ್ ಕಾರಿಗೆ 1098 ಸಿ.ಸಿ.ಯ ದೊಡ್ಡ ಎಂಜಿನ್ನು ಬಂದಾಗ ಮುಂಗಾಲಿಯ ಡ್ರಮ್ಮನ್ನೂ 7 ಅಂಗುಲದಿಂದ 8 ಅಂಗುಲಕ್ಕೆ ಹಿಗ್ಗಿಸಿದರು. ಓಟ ಹೆಚ್ಚಿದರೆ ನಿಲುಗಡೆಯೂ ಹೆಚ್ಚಬೇಕೆಂಬುದನ್ನು ತಯಾರಕರು ಅರಿತಿದ್ದರು.

ಇದೇ ಲೆಕ್ಕವನ್ನು ಬೆಟ್ಟದಿಂದ ಇಳಿಯುವುದಕ್ಕೆ ಅನ್ವಯಿಸಿ ನೋಡಿ. ಅದೇ ಕಾರು ಎತ್ತರದಲ್ಲಿ 100 ಮೀಟರು ಇಳಿದರೆ, 60ರ ವೇಗದಿಂದ ಏಳು ಸಲ ನಿಲ್ಲಿಸಿದಷ್ಟು ಶಕ್ತಿ ಎಲ್ಲಿಯಾದರೂ ವ್ಯಯವಾಗಲೇಬೇಕು. ಮೈಸೂರಿನ ಚಾಮುಂಡಿ ಬೆಟ್ಟ ನಗರದ ಮಟ್ಟದಿಂದ ಸುಮಾರು 300 ಮೀಟರು ಎತ್ತರ. ಅಂದರೆ ದರ್ಶನ ಮುಗಿಸಿ ಇಳಿಯುವಾಗ ಇಪ್ಪತ್ತೊಂದು ಸಲ ನಿಲ್ಲಿಸಿದ ಲೆಕ್ಕ. ಎಲ್ಲವನ್ನೂ ಬ್ರೇಕಿನ ತಲೆಗೇ ಕಟ್ಟಿದರೆ ಡ್ರಮ್ಮು ಕಾದು ಹಿಗ್ಗಿ ಷೂವಿನಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತ ಸಡಿಲುತ್ತದೆ, ಪೆಡಲು ಆಳಕ್ಕೆ ಇಳಿಯುತ್ತದೆ. ಬೆಳಗ್ಗೆ ಸರಿಯಾಗಿದ್ದ ಹೊಂದಾಣಿಕೆ ಮೂರನೆಯ ತಿರುವಿನಲ್ಲಿ ಸುಳ್ಳಾಗುತ್ತದೆ. ಆದುದರಿಂದಲೇ ಹಿರಿಯ ಚಾಲಕರು, ಏರಿದ ಗೇರಿನಲ್ಲೇ ಇಳಿ ಎನ್ನುತ್ತಿದ್ದರು. ಕೆಳಗಿನ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಬ್ರೇಕು ತಿರುವುಗಳಿಗೆ ಮೀಸಲಾಗಿ ತಂಪಾಗಿ ಉಳಿಯುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿಯುವವರು ಈ ಮಾತನ್ನು ಮಂತ್ರದಂತೆ ಜಪಿಸಬೇಕು. ಗೇರು ತಪ್ಪಿಸಿ, ಪೆಟ್ರೋಲು ಉಳಿಯಿತೆಂದು ಹಿಗ್ಗುತ್ತ ಜಾರಿಕೊಂಡು ಬರುವ ಜಾಣತನಕ್ಕಿಂತ ದುಬಾರಿಯಾದದ್ದು ಬೇರೊಂದಿಲ್ಲ.

ಇನ್ನೆರಡು ಮಾತು ಬಾಕಿ. ಮೊದಲನೆಯದು ದ್ರವದ ಮಾತು. ಬ್ರೇಕಿನ ದ್ರವ ಉಪ್ಪಿನಂತೆ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕೇಳಬೇಕೆ? ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಅದೇ ನಿಯಮ 140 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ಗುಳ್ಳೆಯನ್ನು ಒತ್ತಿದ ಪೆಡಲು ಗಾಲಿಯನ್ನು ಮುಟ್ಟುವುದಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸುವುದು ಒಳ್ಳೆಯ ರೂಢಿ. ಮುಗಿದುಹೋಯಿತೆಂದು ಎಂಜಿನ್ ಎಣ್ಣೆಯನ್ನು ಎಂದಿಗೂ ಸುರಿಯಬಾರದು. ಅದು ಒಳಗಿನ ರಬ್ಬರನ್ನೆಲ್ಲ ಊದಿಸಿ ಕೆಡಿಸುತ್ತದೆ. ಈ ಕಾರಿನಲ್ಲಿ ನಾಲ್ಕು ಗಾಲಿಗಳಿಗೂ ಒಂದೇ ದ್ರವಮಾರ್ಗ. ಒಂದೆಡೆ ಸೋರಿದರೆ ನಾಲ್ಕೂ ಹೋದಂತೆಯೇ.

ಎರಡನೆಯದು ಧೂಳಿನ ಮಾತು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಬೆರೆತಿರುತ್ತಿತ್ತು. ಅದರ ಸೂಕ್ಷ್ಮವಾದ ಎಳೆಗಳು ಶ್ವಾಸಕೋಶವನ್ನು ಹೊಕ್ಕರೆ ದಶಕಗಳ ಬಳಿಕ ಕ್ಯಾನ್ಸರಾಗಿ ತಲೆಯೆತ್ತಬಲ್ಲವು. ಡ್ರಮ್ಮನ್ನು ಬಿಚ್ಚಿ, ಬಾಯಿಂದ ‘ಉಫ್’ ಎಂದು ಊದಿ ಧೂಳು ಹಾರಿಸುವುದು ನಮ್ಮ ಗ್ಯಾರೇಜುಗಳಲ್ಲಿ ಸಾಮಾನ್ಯವಾದ ನೋಟವಾಗಿತ್ತು. ಇನ್ನು ಮುಂದೆ ಯಾರೂ ಹಾಗೆ ಮಾಡಬಾರದು; ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಕಾರನ್ನು ರಿಪೇರಿಗೆ ಬಿಡುವವರು ಕೆಲಸದ ಹುಡುಗನಿಗೆ ಇದನ್ನು ಹೇಳುವ ಹೊಣೆಯನ್ನೂ ಹೊರಬೇಕು. ನಮ್ಮ ಪ್ರಯಾಣದ ಭದ್ರತೆಗಾಗಿ ಮತ್ತೊಬ್ಬನ ಎದೆ ಸವೆಯುವುದು ನ್ಯಾಯವಲ್ಲ.

ಇಂದಿನ ಕಾರುಗಳಲ್ಲಿ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕುಗಳು ಬಂದಿವೆ. ಹಿಂದೆ ಡ್ರಮ್ಮು ಉಳಿದಿರುವ ಕಡೆಯೂ ಸವೆದ ಅಂತರವನ್ನು ಯಂತ್ರ ತಾನೇ ತುಂಬಿಕೊಳ್ಳುತ್ತದೆ. ಇದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಹಳೆಯದೇ ಲೇಸೆಂದು ಹಲುಬುವ ಕಾರಣವಿಲ್ಲ. ಆದರೆ ತಾತನ ಮೈನರನ್ನು ಷೆಡ್ಡಿನಲ್ಲಿ ಉಳಿಸಿಕೊಂಡ ಮನೆಯವರು ಒಂದನ್ನು ಮರೆಯಬಾರದು. ಹೊಸ ಕಾರಿಗೆ ಒಗ್ಗಿದ ಮೊಮ್ಮಗ, ಮಟ್ಟಸವಾಗಿ ಒತ್ತಿದೊಡನೆ ನಿಲ್ಲುವುದು ಕಾರಿನ ಸಹಜ ಧರ್ಮವೆಂದು ನಂಬಿರುತ್ತಾನೆ. ಹಳೆಯ ಕಾರಿನಲ್ಲಿ ಅದು ಯಾರೋ ತಿಂಗಳಿಗೊಮ್ಮೆ ಪೆಡಲನ್ನು ಪರೀಕ್ಷಿಸಿ, ಅಗತ್ಯ ಬಿದ್ದಾಗ ಮಂಡಿಯೂರಿ ಕುಳಿತು ಮಾಡಿದ ಕೆಲಸದ ಫಲ. ಆ ಯಾರೋ ಈಗ ಇಲ್ಲದಿರಬಹುದು.

ಆದುದರಿಂದ ಬೀಗದ ಕೈಯನ್ನು ಒಪ್ಪಿಸುವ ಮುನ್ನ, ಬಲ್ಲ ಮೆಕ್ಯಾನಿಕರೊಬ್ಬರನ್ನು ಕರೆಸಿ, ಆ ಹುಡುಗನನ್ನೂ ಪಕ್ಕದಲ್ಲಿ ಕೂರಿಸಿ. ತಿರುಪುಳಿಯನ್ನು ಅವನ ಕೈಗೇ ಕೊಡಿಸಿ. ಹಲ್ಲುಗಳು ಒಂದೊಂದಾಗಿ ದಾಟುವುದನ್ನು ಅವನ ಬೆರಳು ಎಣಿಸಲಿ, ಡ್ರಮ್ಮು ಬಿಗಿಯುವುದನ್ನು ಅರಿಯಲಿ. ಅನಂತರ ಒಂದು ಹಲ್ಲು ಹಿಂದಕ್ಕೆ ತಿರುಗಿಸಿ, ಗಾಲಿಯನ್ನು ತನ್ನ ಕೈಯಿಂದಲೇ ಸುತ್ತಿಸಿ ನೋಡಲಿ. ಆಮೇಲೆ ಕಾರನ್ನು ಬೀದಿಗೆ ಇಳಿಸಬಹುದು.